ಹಲ್ಲು ಕೀಳುವ ಮುನ್ನ: ಅರಿವಳಿಕೆಯ ಅರಿವು

ದಾವಣಗೆರೆಯಲ್ಲಿ 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ದಂತ ವೈದ್ಯಕೀಯ ಕಾಲೇಜು ಆರಂಭಗೊಂಡವು. ಕೆನ್ನೆ ಊದಿಕೊಂಡು ಹರಿಹರದಿಂದ ಇಲ್ಲಿಗೆ ಬಸ್ಸೇರುವ ರೋಗಿಯ ಬೇಡಿಕೆ ಸಾಮಾನ್ಯವಾಗಿ ಒಂದೇ: ಹಲ್ಲನ್ನು ಇಂದೇ ಕೀಳಬೇಕು. ಆದರೆ ವೈದ್ಯರು ಕೆಲವೊಮ್ಮೆ ಕೀವು ತೆಗೆದು, ಮಾತ್ರೆ ಬರೆದುಕೊಟ್ಟು, ಕೆಲ ದಿನ ಬಿಟ್ಟು ಬರುವಂತೆ ಸೂಚಿಸುತ್ತಾರೆ. ಇದು ವಿನಾಕಾರಣ ಅಲೆದಾಟವೆಂದು ರೋಗಿಗೆ ಅನ್ನಿಸಬಹುದು. ಇದಕ್ಕೆ ಒಂದು ಕಾರಣ ಅರಿವಳಿಕೆ ಮದ್ದಿನ ಗುಣದಲ್ಲೇ ಇದೆ.

ದಂತ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಕೆಯಾಗುವುದು ಲಿಗ್ನೊಕೇನ್. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದ ಈ ಔಷಧ 1948ರಲ್ಲಿ ಮಾರುಕಟ್ಟೆಗೆ ಬಂದಿತು. ಇದು ನರದ ಪೊರೆಯನ್ನು ದಾಟಿ ಒಳಹೊಕ್ಕು, ಸೋಡಿಯಂ ಅಯಾನುಗಳ ದಾರಿಯನ್ನು ಮುಚ್ಚುತ್ತದೆ. ನೋವಿನ ಸಂದೇಶ ಮಿದುಳನ್ನು ತಲುಪುವುದಿಲ್ಲ. ಸೋಂಕು ತಗುಲಿದ ಜಾಗದಲ್ಲಿ ಆಮ್ಲೀಯತೆ ಹೆಚ್ಚಿರುವುದರಿಂದ ಪೊರೆ ದಾಟಬಲ್ಲ ಮದ್ದಿನ ಪಾಲು ತಗ್ಗುತ್ತದೆ. ಸೂಜಿ ಚುಚ್ಚಿದರೂ ಅಲ್ಲಿ ಸರಿಯಾಗಿ ಮರಗಟ್ಟದು. ಊತದಿಂದ ದೂರದಲ್ಲಿ, ನರ ಸಾಗಿಬರುವ ಹಾದಿಯಲ್ಲಿ ಚುಚ್ಚುಮದ್ದು ನೀಡುವುದು ಒಂದು ಪರಿಹಾರ. ಆದರೆ ಊತದೊಂದಿಗೆ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕಾಯುವಂತಿಲ್ಲ. ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಲಿಗ್ನೊಕೇನ್ ಜೊತೆ ಅಡ್ರಿನಲಿನ್ ಬೆರೆಸುವುದುಂಟು. ಅದು ರಕ್ತನಾಳಗಳನ್ನು ಕುಗ್ಗಿಸಿ ರಕ್ತಸ್ರಾವವನ್ನು ತಗ್ಗಿಸುತ್ತದೆ, ಮದ್ದಿನ ಪರಿಣಾಮವನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಎದೆಬಡಿತವನ್ನೂ ಹೆಚ್ಚಿಸಬಲ್ಲದು. ಆದ್ದರಿಂದ ಹೃದ್ರೋಗ, ರಕ್ತದೊತ್ತಡ, ಸೇವಿಸುತ್ತಿರುವ ಮಾತ್ರೆಗಳು, ಹಿಂದೆ ಚುಚ್ಚುಮದ್ದು ಒಗ್ಗದಿದ್ದ ಸಂಗತಿ ಎಲ್ಲವನ್ನೂ ವೈದ್ಯರಿಗೆ ಮೊದಲೇ ತಿಳಿಸಬೇಕು.

ಪೂರ್ಣ ಪ್ರಜ್ಞೆ ತಪ್ಪಿಸುವ ಅರಿವಳಿಕೆಯ ಬಗೆ ಬೇರೆ. ಅದನ್ನು ಜಗತ್ತಿನ ಗಮನಕ್ಕೆ ತಂದವರೂ ದಂತವೈದ್ಯರೇ. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಕೆಯನ್ನು ಬಹಿರಂಗವಾಗಿ ತೋರಿಸಿದರು. ಈ ಸ್ಥಿತಿಯಲ್ಲಿ ಗಂಟಲಿನ ರಕ್ಷಣಾ ಪ್ರತಿಕ್ರಿಯೆ ಇಲ್ಲವಾಗುವುದರಿಂದ, ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ವಯಸ್ಕರಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಗೆ ಕನಿಷ್ಠ 6 ಗಂಟೆ ಮೊದಲು ಆಹಾರ, 2 ಗಂಟೆ ಮೊದಲು ನೀರು ನಿಲ್ಲಿಸಲಾಗುತ್ತದೆ. ಹಾಲು, ಹಾಲು ಬೆರೆತ ಕಾಫಿಯೂ ಆಹಾರವೇ.

ಹಲ್ಲು ಕೀಳಲು ನೀಡುವ ಸ್ಥಳೀಯ ಅರಿವಳಿಕೆಗೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಮಧುಮೇಹಿಗಳು ಮಾತ್ರೆ ನುಂಗಿ ಹಸಿದು ಬಂದರೆ ತಲೆಸುತ್ತಿ ಬೀಳುವ ಅಪಾಯವಿದೆ. ಆದರೆ ಶಸ್ತ್ರಚಿಕಿತ್ಸೆಗೆ ಬಂದವರು, ದಿನ ಮುಂದೆ ಹೋದೀತೆಂಬ ಅಂಜಿಕೆಯಿಂದ ಬೆಳಗಿನ ಕಾಫಿಯನ್ನು ಮುಚ್ಚಿಡಬಾರದು. ಮುಂದೆ ಹೋದ ಶಸ್ತ್ರಚಿಕಿತ್ಸೆಯನ್ನು ಇನ್ನೊಂದು ದಿನ ಮಾಡಬಹುದು.