ಹವಳ ತರಚಿದರೆ ಹಗುರವಾಗಿ ಕಾಣಬೇಡಿ

ಹವಳ ಅಂದ ಕೂಡಲೇ ನಮಗೆ ನೆನಪಾಗೋದು ಕರಿಮಣಿ ಸರದಲ್ಲಿ ಪೋಣಿಸಿದ ಕೆಂಪು ಮಣಿ. ಆದರೆ ರಜೆಯಲ್ಲಿ ಮಕ್ಕಳೊಂದಿಗೆ ಅಂಡಮಾನಿಗೋ ಲಕ್ಷದ್ವೀಪಕ್ಕೋ ಹೋದಾಗ, ಅಷ್ಟೇಕೆ, ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿಯಲ್ಲಿ ಸ್ಕೂಬಾಗೆ ಇಳಿದಾಗ ಕಾಣುವ ಹವಳವೇ ಬೇರೆ. ಕಲ್ಲಿನಷ್ಟು ಗಟ್ಟಿ, ಅಂಚು ಬ್ಲೇಡಿನಷ್ಟು ಹರಿತ. ಪಾದವೋ ಮೊಣಕಾಲೋ ಕೊಂಚ ತಗುಲಿದರೂ ಚರ್ಮ ತರಚಿಹೋಗುತ್ತದೆ.

‘ಇಷ್ಟೇ ತಾನೇ, ಉಪ್ಪುನೀರಿಗೆ ತಾನಾಗೇ ವಾಸಿಯಾಗುತ್ತೆ ಬಿಡಿ’ ಅಂತ ಸುಮ್ಮನಾಗುವವರೇ ಹೆಚ್ಚು. ಎಡವಟ್ಟಾಗೋದು ಇಲ್ಲೇ. ಹವಳದ ಸುಣ್ಣದಂಥ ಪುಟ್ಟ ಚೂರುಗಳು, ಅದರ ಮೈಮೇಲಿನ ಲೋಳೆ, ಸಮುದ್ರದ ಬ್ಯಾಕ್ಟೀರಿಯಾ ಎಲ್ಲವೂ ಗಾಯದೊಳಗೆ ಉಳಿದುಬಿಡುತ್ತವೆ. ಹಾಗಾಗಿ ಗೀರಿನಂಥ ಗಾಯವೂ ವಾರಗಟ್ಟಲೆ ಮಾಯದೆ ಕೆಂಪಾಗಿ ತುರಿಸುತ್ತಿರುತ್ತದೆ.

ದಡಕ್ಕೆ ಬಂದ ತಕ್ಷಣ ಸೋಪು ಹಚ್ಚಿ, ಕುಡಿಯುವ ನೀರಿನಿಂದ ಗಾಯವನ್ನು ಚೆನ್ನಾಗಿ ತೊಳೆಯಿರಿ. ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಒತ್ತಿದರೆ ನೀರು ರಭಸವಾಗಿ ಚಿಮ್ಮಿ ಚೂರುಗಳು ಕೊಚ್ಚಿಹೋಗುತ್ತವೆ. ಸ್ವಚ್ಛವಾದ ಮೆತ್ತನೆ ಬಟ್ಟೆಯಿಂದ ಉಜ್ಜಬೇಕು, ಮಗು ಅತ್ತರೂ ಸರಿ. ಕಣ್ಣಿಗೆ ಕಾಣುವ ಚೂರನ್ನು ಹುಬ್ಬು ತೀಡುವ ಪ್ಲಕ್ಕರನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು ತೆಗೆಯಿರಿ. ಆಳಕ್ಕೆ ಹೋಗಿದ್ದರೆ ಕೆದಕಬೇಡಿ, ಅದು ಡಾಕ್ಟರ ಕೆಲಸ. ಆಮೇಲೆ ಆಂಟಿಬಯಾಟಿಕ್ ಮುಲಾಮು ಹಚ್ಚಿ ಬ್ಯಾಂಡೇಜು ಹಾಕಿ. ದಿನಾ ಬಿಚ್ಚಿ ತೊಳೆಯಬೇಕು. ನಮ್ಮ ಮನೆಗಳಲ್ಲಿ ಗಾಯ ಅಂದರೆ ಅರಿಶಿನ, ಇಲ್ಲವೇ ಕಾಫಿಪುಡಿ ಮೆತ್ತುವ ಅಭ್ಯಾಸ. ಇಲ್ಲಿ ಅದು ಬೇಡವೇ ಬೇಡ, ಕೊಳೆಯ ಮೇಲೆ ಮುಚ್ಚಳ ಹಾಕಿದಂತಾಗುತ್ತದೆ.

ತರಚದೇ ಬರೀ ಉರಿ, ದದ್ದು ಎದ್ದಿದ್ದರೆ ‘ಫೈರ್ ಕೋರಲ್’ ತಾಗಿರಬಹುದು. ಆಗ ಮಾತ್ರ ಮೊದಲು ಸಮುದ್ರದ ನೀರಿನಲ್ಲೇ ತೊಳೆದು ವಿನೆಗರ್ ಸುರಿಯಿರಿ.

ಐದು ವರ್ಷದಿಂದೀಚೆಗೆ ಟಿಟಿ ಚುಚ್ಚಿಸಿಕೊಂಡಿಲ್ಲವಾದರೆ ವೈದ್ಯರನ್ನು ಕೇಳಿ. ಕೆಂಪು ಹರಡುತ್ತಾ ಹೋದರೆ, ಕೀವು, ಗುಳ್ಳೆ, ಜ್ವರ, ತಡೆಯಲಾರದ ನೋವು ಬಂದರೆ ‘ಊರಿಗೆ ಹೋಗಿ ನಮ್ಮ ಡಾಕ್ಟರಿಗೇ ತೋರಿಸೋಣ’ ಅಂತ ಕಾಯಬೇಡಿ. ಸಕ್ಕರೆ ಕಾಯಿಲೆ, ಲಿವರ್ ತೊಂದರೆ ಇರುವ ಅತ್ತೆ-ಮಾವಂದಿರು ಜೊತೆಗಿದ್ದರಂತೂ ಇನ್ನೂ ಎಚ್ಚರ. ಸಮುದ್ರದ ನೀರಿನಲ್ಲಿರುವ ವಿಬ್ರಿಯೋ ಜಾತಿಯ ಕೆಲವು ಬ್ಯಾಕ್ಟೀರಿಯಾ ಇಂಥವರಲ್ಲಿ ಒಂದೆರಡು ದಿನದಲ್ಲೇ ಜೀವಕ್ಕೆ ಕುತ್ತು ತರಬಹುದು. ಗಾಯ ಆಗಿದ್ದು ಸಮುದ್ರದಲ್ಲಿ ಅಂತ ಡಾಕ್ಟರಿಗೆ ಮರೆಯದೆ ಹೇಳಿ, ಅದಕ್ಕೆ ಕೊಡುವ ಔಷಧಿಯೇ ಬೇರೆ ಇರಬಹುದು.

ಗಾಯವೇ ಆಗದಂತೆ ನೋಡಿಕೊಳ್ಳೋದು ಕಷ್ಟವೇನಲ್ಲ. ಅಂಡಮಾನಿನ ನೀಲ್ ದ್ವೀಪದಲ್ಲಿ (2018ರಿಂದ ಶಹೀದ್ ದ್ವೀಪ) ಕಲ್ಲಿನ ಸೇತುವೆ ನೋಡಲು ನೀರು ಇಳಿದಾಗ ಸತ್ತ ಹವಳದ ಮೇಲೇ ನಡೆಯಬೇಕು. ಅಲ್ಲಿ ಸೀರೆ ಎತ್ತಿ ಹಿಡಿದು ಹವಾಯಿ ಚಪ್ಪಲಿಯಲ್ಲಿ ಜಾರುವುದಕ್ಕಿಂತ ಹಿಡಿತವಿರುವ ಶೂ ಹಾಕಿ. ಸ್ನಾರ್ಕ್ಲಿಂಗ್‌ಗೆ ತುಂಬುತೋಳಿನ ಈಜುಡುಗೆ ಒಳ್ಳೆಯದು. ಸುಸ್ತಾಯಿತೆಂದು ನಡುವೆ ಹವಳದ ಮೇಲೆ ನಿಲ್ಲಬೇಡಿ, ಲೈಫ್ ಜಾಕೆಟ್ ನಂಬಿ ತೇಲುತ್ತಿರಿ. ನೀವು ತುಳಿದ ಹವಳಕ್ಕೂ ಗಾಯವಾಗುತ್ತದೆ, ನಿಮ್ಮದಕ್ಕಿಂತ ನಿಧಾನವಾಗಿ ಮಾಯುತ್ತದೆ. ಇನ್ನು ಚೆಂದವಿದೆ ಅಂತ ಶೋಕೇಸಿಗೆ ಒಂದು ತುಂಡು ತರುವ ಆಸೆಯಂತೂ ಬೇಡ, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದು ಅಪರಾಧ.