ಗರಿಕೆ ಕಿತ್ತು ಕೆಂಟಕಿ ಬಿತ್ತಿದವರು

‘ಬೀಜ ಎರಚಿ, ನೀರು ಚಿಮುಕಿಸಿ. ಏಳನೇ ದಿನಕ್ಕೆ ಹಸಿರು ಹಾಸು. ಆಮೇಲೆ ನೀವು ಏನೂ ಮಾಡಬೇಕಾಗಿಲ್ಲ.’ ಆನ್‌ಲೈನ್‌ನಲ್ಲಿ ಬಿಕರಿಯಾಗುವ ಹುಲ್ಲಿನ ಬೀಜದ ಪೊಟ್ಟಣಗಳಲ್ಲಿ ಒಕ್ಕಣೆ ಕೊಂಚ ಆಚೀಚೆ ಇರಬಹುದು, ಭರವಸೆ ಮಾತ್ರ ಇದೇ. ನಂಬುವವರೇನೂ ಪೆದ್ದರಲ್ಲ. ಸೈಟು ಕೊಳ್ಳುವ ಮುಂಚೆ ಮೂವತ್ತು ವರ್ಷದ ಇ.ಸಿ. ತೆಗೆಸಿ ಅಕ್ಷರ ಬಿಡದೆ ಓದಿದವರು, ಬದನೆಕಾಯಿಯನ್ನು ನಾಲ್ಕು ಸಲ ತಿರುಗಿಸಿ ನೋಡದೆ ಚೀಲಕ್ಕೆ ಹಾಕದವರು. ಮನೆ ಮುಂದಿನ ಹತ್ತಡಿ ಜಾಗದ ವಿಷಯ ಬಂದಾಗ ಮಾತ್ರ, ಯಾವ ಹುಲ್ಲು, ಯಾವ ವರ್ಷದ ಬೀಜ ಎಂದು ಒಂದಕ್ಷರವೂ ಇಲ್ಲದ ಪೊಟ್ಟಣಕ್ಕೆ, ಬರೀ ಫೋಟೋ ನೋಡಿ ದುಡ್ಡು ಸುರಿಯುತ್ತಾರೆ.

ಈ ನಂಬಿಕೆ ಇಷ್ಟು ಗಟ್ಟಿಯಾಗಿ ಕೂತಿರುವುದಕ್ಕೆ ಕಾರಣ, ಅದು ಪೂರ್ತಿ ಸುಳ್ಳಲ್ಲ. ಹುಲ್ಲು ನಿಜಕ್ಕೂ ಬರುತ್ತದೆ. ಪೊಟ್ಟಣದೊಳಗಿರುವುದು ರೈಗ್ರಾಸ್ ಆಗಿದ್ದರೆ ಐದರಿಂದ ಹತ್ತು ದಿನದೊಳಗೆ ಮೊಳಕೆ ಗ್ಯಾರಂಟಿ. ನವೆಂಬರಿನಲ್ಲಿ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಿತ್ತಿದರೆ ಸಂಕ್ರಾಂತಿ ಹೊತ್ತಿಗೆ ಕಣ್ಣು ಕುಕ್ಕುವ ಹಸಿರು. ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಫೋಟೋ, ನೋಡಿದವರಿಂದ ‘ಲಿಂಕ್ ಕಳಿಸಿ’. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೊರಟಾಗ ಹುಲ್ಲೂ ಅದರ ಹಿಂದೆಯೇ ಹೊರಡುತ್ತದೆ. ಯುಗಾದಿಗೆ ಅಲ್ಲಲ್ಲಿ ಬೋಳು, ಏಪ್ರಿಲ್ ಮುಗಿಯುವಷ್ಟರಲ್ಲಿ ಬರೀ ಒಣಹುಲ್ಲು. ಆಗ ತಪ್ಪು ಯಾರದು? ನೀರು ಸಾಲಲಿಲ್ಲ, ಮಾಲಿ ಸರಿಯಿಲ್ಲ, ಬೋರ್‌ವೆಲ್ ನೀರು ಗಡಸು, ಎದುರು ಮನೆಯವರ ದೃಷ್ಟಿ ತಾಗಿತು. ಪೊಟ್ಟಣದ ಮೇಲೆ ಮಾತ್ರ ಯಾರಿಗೂ ಅನುಮಾನ ಬರುವುದಿಲ್ಲ. ಮುಂದಿನ ನವೆಂಬರಿಗೆ ಮತ್ತೆ ಅದನ್ನೇ ತರಿಸುತ್ತಾರೆ.

ರೈಗ್ರಾಸ್, ಫೆಸ್ಕ್ಯೂ, ಕೆಂಟಕಿ ಬ್ಲೂಗ್ರಾಸ್ ಮೂರೂ ತಂಪು ಸೀಮೆಯವು. ಮಣ್ಣಿನ ಉಷ್ಣತೆ 10ರಿಂದ 18 ಡಿಗ್ರಿ ಇದ್ದಾಗ ಇವುಗಳ ಬೇರು ಹಾಯಾಗಿರುತ್ತದೆ. ಬಿಸಿಲು 30 ಡಿಗ್ರಿ ದಾಟಿತೋ, ಎಲೆ ಗಾಳಿಯಿಂದ ಹಿಡಿದ ಇಂಗಾಲದಲ್ಲಿ ಒಂದು ಪಾಲನ್ನು ಆ ಹಗಲಲ್ಲೇ ಕಳೆದುಕೊಳ್ಳುತ್ತದೆ. ಬೇರು ಮೋಟಾಗುತ್ತ ಹೋಗುತ್ತದೆ. ಗಾಬರಿಬಿದ್ದು ನೀರು ಹೆಚ್ಚಿಸಿದಿರೋ, ಸೆಕೆಗೆ ತೇವವೂ ಸೇರಿ ಬೂಷ್ಟು ಹಿಡಿಯುತ್ತದೆ. ದ್ಯುತಿಸಂಶ್ಲೇಷಣೆಯ ಲೆಕ್ಕದಲ್ಲಿ ಇವೆಲ್ಲ ಗೋಧಿಯ ಪಂಗಡ. ನಮ್ಮ ಗರಿಕೆಯಾದರೋ ರಾಗಿ, ಜೋಳ, ಕಬ್ಬಿನ ಪಂಗಡ. ಬಿಸಿಲೇರಿದಷ್ಟೂ ಚುರುಕು, ಅದೇ ಕೆಲಸಕ್ಕೆ ನೀರೂ ಕಡಿಮೆ. ಗೋಧಿಯನ್ನು ಹಿಂಗಾರಿಗೇ ಯಾಕೆ ಬಿತ್ತುತ್ತಾರೆ, ಬೇಸಿಗೆಗೆ ಯಾಕಿಲ್ಲ ಎಂದು ಯಾವ ರೈತನಿಗೂ ಪಾಠ ಹೇಳಬೇಕಾಗಿಲ್ಲ. ಅವನ ಮಗ ಬೆಂಗಳೂರಿನಲ್ಲಿ ಮನೆ ಕಟ್ಟಿಸಿದ ಕೂಡಲೇ ಅದು ಹೇಗೆ ಮರೆತುಹೋಗುತ್ತದೋ! ಊಟಿಯಲ್ಲಿ ಮನೆಯಿದ್ದರೆ ಫೆಸ್ಕ್ಯೂ ಬಿತ್ತಿ, ಚೆನ್ನಾಗಿ ಬರುತ್ತದೆ. ರಾಯಚೂರಿನಲ್ಲಿ ಬಿತ್ತುವವರಿಗೆ ಏನು ಹೇಳಲಿ.

ಮೋಸ ಹೋಗದಿರಲು ವಿಜ್ಞಾನಿಯಾಗಬೇಕಾಗಿಲ್ಲ, ಪೊಟ್ಟಣ ಬಿಚ್ಚಿ ಅಂಗೈಗೆ ನಾಲ್ಕು ಕಾಳು ಸುರಿದುಕೊಂಡರೆ ಸಾಕು. ಕಾಳು ಜೀರಿಗೆಯ ಹಾಗೆ ಉದ್ದವಾಗಿ, ತುದಿ ಚೂಪಾಗಿ, ಮೇಲೆ ಒಣ ಸಿಪ್ಪೆ ಅಂಟಿಕೊಂಡಿದ್ದರೆ ಅದು ರೈಗ್ರಾಸ್ ಅಥವಾ ಫೆಸ್ಕ್ಯೂ. ಗರಿಕೆ ಬೀಜ ರಾಗಿಗಿಂತ ಎಷ್ಟೋ ಹಗುರ. ಉಸಿರು ಬಿಟ್ಟರೆ ಹಾರುತ್ತದೆ. ಹಸಿರೋ ನೀಲಿಯೋ ಬಣ್ಣ ಬಳಿದ ಗುಂಡು ಗುಂಡು ಕಾಳಾದರೆ ಅದಕ್ಕೆ ಲೇಪನವಿದೆ ಎಂದರ್ಥ. ಲೇಪನ ತಪ್ಪಲ್ಲ. ಆದರೆ ತೂಕದಲ್ಲಿ ಅರ್ಧದಷ್ಟು ಲೇಪನವೇ ಇರಬಹುದು. ಅಷ್ಟಕ್ಕೂ ನೀವು ಬೀಜದ ರೇಟೇ ಕೊಟ್ಟಿರುತ್ತೀರಿ.

ಇನ್ನು, ಇಲ್ಲದ ಬೀಜದ ವ್ಯಾಪಾರ ಬೇರೆ. ನರ್ಸರಿಯವರು ಮೆಕ್ಸಿಕನ್, ಕೊರಿಯನ್ ಎಂದು ಕೊಡುವ ನುಣುಪು ಹುಲ್ಲು ಬೇರು-ಮಣ್ಣಿನ ಸಮೇತ ಚೌಕ ಚೌಕವಾಗಿ ಕತ್ತರಿಸಿದ ಹಾಸಾಗಿ ಬರುತ್ತದೆ. ಅದನ್ನು ನೆಡುವ ರೂಢಿಯೇ ಹಾಗೆ. ‘ಗಾಲ್ಫ್ ಮೈದಾನದ ಹುಲ್ಲಿನ ಬೀಜ’ ಎಂಬುದಂತೂ ನಗೆಪಾಟಲು. ಜಗತ್ತಿನ ಬೆಚ್ಚಗಿನ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ಹೆಸರು ಮಾಡಿದ ಟಿಫ್‌ವೇ ತಳಿಯನ್ನು ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ 1960ರಲ್ಲಿ ಬಿಡುಗಡೆ ಮಾಡಿದರು. ಅದು ಗರಿಕೆಗೂ ಅದರ ಆಫ್ರಿಕಾದ ದಾಯಾದಿಗೂ ಹುಟ್ಟಿದ ಮಿಶ್ರತಳಿ. ವರ್ಣತಂತುಗಳು ಜೋಡಿಯಾಗಿರದೆ ಮೂರು ಮೂರಾಗಿ ಕೂತಿರುವುದರಿಂದ ಅದು ಬಂಜೆ, ಬೀಜ ಕಟ್ಟುವುದೇ ಇಲ್ಲ. ಹೀಗಿರುವಾಗ ಅದರ ಬೀಜ ಅರ್ಧ ಕಿಲೋ ಪೊಟ್ಟಣದಲ್ಲಿ, ಶೇಕಡಾ ಅರವತ್ತು ರಿಯಾಯಿತಿಯಲ್ಲಿ ಸಿಗುತ್ತದೆ ಎಂದರೆ ಪವಾಡವೇ ಸರಿ.

ಈಗ ಹೊಟ್ಟೆ ಉರಿಯುವ ಭಾಗಕ್ಕೆ ಬರೋಣ. ಸೈಟಿನಲ್ಲಿ ತಾನಾಗಿ ಬಂದ ಗರಿಕೆ ಇರುತ್ತದೆ. ಬೆಳಿಗ್ಗೆ ಅದರಲ್ಲೇ ಇಪ್ಪತ್ತೊಂದು ಎಸಳು ಕುಯ್ದು ಗಣಪತಿಗೆ ಏರಿಸುತ್ತಾರೆ, ಮಧ್ಯಾಹ್ನ ಉಳಿದದ್ದಕ್ಕೆ ಕಳೆನಾಶಕ ಹೊಡೆಸುತ್ತಾರೆ, ಸಂಜೆಗೆ ‘ಇಂಪೋರ್ಟೆಡ್ ಬರ್ಮುಡಾ’ ಬೀಜ ಆರ್ಡರ್ ಮಾಡುತ್ತಾರೆ. ಆ ಬರ್ಮುಡಾ ಕೂಡ ಗರಿಕೆಯೇ, ಸ್ವಾಮಿ. ಸಸ್ಯಶಾಸ್ತ್ರದಲ್ಲಿ ಎರಡಕ್ಕೂ ಒಂದೇ ಹೆಸರು, ಸೈನೊಡಾನ್ ಡ್ಯಾಕ್ಟಿಲಾನ್. ಬೀಜದ ತಳಿಯಲ್ಲಿ ಎಲೆ ಕೊಂಚ ನವಿರು, ಬಣ್ಣ ಕೊಂಚ ಗಾಢ ಇರಬಹುದು, ಅಷ್ಟೇ. ಈ ಹುಲ್ಲಿನ ಆಯುಷ್ಯ ಎಂಥದೆಂದು ಗದಗ, ಧಾರವಾಡದ ಕಡೆಯ ಎರೆಹೊಲದವರನ್ನು ಕೇಳಬೇಕು. ನೆಲದ ಮೇಲೆ ಹಬ್ಬುವ ಬಳ್ಳಿ, ನೆಲದೊಳಗೆ ಓಡುವ ಬೇರುಕಾಂಡ, ಎರಡೂ ಅದಕ್ಕಿವೆ. ಉರಿಬಿಸಿಲಲ್ಲಿ ಆಳಕ್ಕೆ ಅಗೆದು ಆರಿಸಿ ಹೊರಗೆ ಎಸೆದರೂ ಒಂದು ಗೆಣ್ಣು ಉಳಿದರೆ ಮಳೆಗೆ ಮತ್ತೆ ಎದ್ದು ಕೂರುತ್ತದೆ. ಅಲ್ಲಿ ಶಾಪವಾದ ಈ ಗುಣವೇ ನಿಮ್ಮ ಅಂಗಳದಲ್ಲಿ ವರ. ತಂಟೆಯಿಲ್ಲದ ಹುಲ್ಲುಹಾಸು ಬೇಕೆಂದವರು ತಂಟೆ ಮಾಡಿದರೂ ಸಾಯದ ಹುಲ್ಲನ್ನಲ್ಲವೇ ಆರಿಸಬೇಕು? ಹಾಗೆಂದು ಅದಕ್ಕೆ ಕುಂದಿಲ್ಲವೆಂದಲ್ಲ. ಹೂವಿನ ಪಾತಿಗೆ ನುಗ್ಗುತ್ತದೆ, ಅಂಚು ಕಡಿಯುತ್ತಿರಬೇಕು. ತೆನೆ ಬಿಡಲು ಬಿಟ್ಟರೆ ಅದರ ಪರಾಗ ಅಲರ್ಜಿಯವರಿಗೆ ಸೀನು ತರಿಸುತ್ತದೆ. ನೆರಳಲ್ಲಂತೂ ಬರುವುದೇ ಇಲ್ಲ.

‘ಆಮೇಲೆ ಏನೂ ಮಾಡಬೇಕಾಗಿಲ್ಲ’ ಎಂಬ ಮಾತಿಗೂ ಉತ್ತರ ಹೇಳಿಬಿಡುತ್ತೇನೆ. ಆಮೇಲೆ ಕಡಿಮೆ ಮಾಡಬೇಕೆಂದಿದ್ದರೆ ಮೊದಲು ಹೆಚ್ಚು ಮಾಡಬೇಕು. ಹೊಸ ಮನೆಯ ಮುಂದಿನ ಮಣ್ಣೆಂದರೆ ಮೇಸ್ತ್ರಿ ಬಿಟ್ಟುಹೋದ ಜಲ್ಲಿ, ಸಿಮೆಂಟು ಗಟ್ಟಿ, ಇಟ್ಟಿಗೆ ಚೂರು. ಮೇಲೆ ಎರಡಿಂಚು ಕೆಂಪು ಮಣ್ಣು ಹರಡಿ ಅದನ್ನು ಮುಚ್ಚಿಡುವುದು ನಮ್ಮ ಜನಪ್ರಿಯ ಪರಿಹಾರ. ಒಂದಡಿಯಲ್ಲದಿದ್ದರೆ ಅರ್ಧ ಅಡಿಯಾದರೂ ಅಗೆದು ಆರಿಸಿ. ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ. ಹಸಿ ಸಗಣಿ ಹಾಕಿದರೆ ಅದರೊಳಗಿನ ಕಳೆಬೀಜಕ್ಕೂ ಆತಿಥ್ಯ ಮಾಡಿದಂತೆ. ನೆಲ ಮಟ್ಟ ಮಾಡಿ, ನೀರು ಕೊಟ್ಟು, ಏನೂ ಬಿತ್ತದೆ ಎರಡು ಮೂರು ವಾರ ಸುಮ್ಮನೆ ಬಿಡಿ. ಮಣ್ಣಲ್ಲಿ ಅಡಗಿದ್ದ ಕಳೆಗಳೆಲ್ಲ ಎದ್ದು ಬರುತ್ತವೆ. ಅವನ್ನು ಮೇಲೆ ಮೇಲೆ ಕೆರೆದು ತೆಗೆಯಿರಿ. ಆಳಕ್ಕೆ ಕೈಹಾಕಿದರೆ ಇನ್ನಷ್ಟು ಬೀಜ ಮೇಲೆ ಬರುತ್ತದೆ. ಜೇಕಿನ ಗಡ್ಡೆಯೊಂದನ್ನು ಮಾತ್ರ ಬುಡಸಮೇತ ಅಗೆಯಬೇಕು. ಈ ಎರಡು ಮೂರು ವಾರದ ತಾಳ್ಮೆ ಇಲ್ಲದವರು ಮುಂದೆ ಎರಡು ಮೂರು ವರ್ಷ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಾರೆ.

ಗರಿಕೆ ಬೀಜ ಚದರ ಮೀಟರಿಗೆ 5ರಿಂದ 10 ಗ್ರಾಂ ಸಾಕು. ಹತ್ತಡಿಗೆ ಇಪ್ಪತ್ತಡಿ ಜಾಗಕ್ಕೆ 100ರಿಂದ 200 ಗ್ರಾಂ. ಒಣ ಮರಳಿನಲ್ಲಿ ಬೆರೆಸಿ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಎರಚಿ, ಬಾಚಣಿಗೆಯಂಥ ಕುಂಟೆಯಿಂದ ಹಗುರಾಗಿ ಎಳೆದು ಮೇಲೆ ತುಳಿಯಿರಿ. ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೂತ ಬೀಜದ ಆಸೆ ಬಿಡಿ. ಮೊಳಕೆಗೆ ಒಂದರಿಂದ ಮೂರು ವಾರ ಬೇಕು, ಚಳಿಗಾಲದಲ್ಲಿ ಇನ್ನೂ ತಡ. ಹಾಗಾಗಿ ಗರಿಕೆಗೆ ನವೆಂಬರ್ ಬೇಡ. ಬಯಲುಸೀಮೆಯಲ್ಲಿ ಮುಂಗಾರು ಹಿಡಿದ ಮೇಲೆ ಜೂನ್, ಜುಲೈ ಒಳ್ಳೆಯದು. ಕರಾವಳಿ, ಮಲೆನಾಡಿನಲ್ಲಿ ಆಗ ಬಿತ್ತಿದರೆ ಬೀಜ ಚರಂಡಿಗೆ. ಅಲ್ಲಿ ಚೌತಿ ಕಳೆಯಲಿ.

ನೀರಿನ ವಿಷಯದಲ್ಲಿ ನಮ್ಮವರು ಮಾಡುವುದು ಸರಿಯಾಗಿ ಉಲ್ಟಾ. ಮೊಳಕೆ ಬಂದು ಬೇರೂರುವವರೆಗೆ, ಅಂದರೆ ಮೊದಲ ಮೂರು ವಾರ, ಮೇಲ್ಮಣ್ಣು ಒಣಗದಂತೆ ದಿನಕ್ಕೆರಡು ಮೂರು ಸಲ ಹನಿಹನಿಯಾಗಿ ಕೊಡಬೇಕು. ಆಗ ಮರೆಯುತ್ತಾರೆ. ಬೇರೂರಿದ ಮೇಲೆ ವಾರಕ್ಕೊಮ್ಮೆ ಇಳಿನೀರು ಕೊಟ್ಟರೆ ಸಾಕು. ಆಗ ದಿನಾ ಪೈಪು ಹಿಡಿದು ನಿಲ್ಲುತ್ತಾರೆ. ವಾರಕ್ಕೆ 25 ಮಿಲಿಮೀಟರ್ ಎಂದರೆ ಆ ಹತ್ತಕ್ಕೆ ಇಪ್ಪತ್ತರ ಜಾಗಕ್ಕೆ ಸುಮಾರು 460 ಲೀಟರ್. ನಿಮಿಷಕ್ಕೆ 15 ಲೀಟರ್ ಬರುವ ಪೈಪನ್ನು ಅರ್ಧ ಗಂಟೆ ಬಿಟ್ಟರೆ ವಾರದ್ದೆಲ್ಲ ಒಂದೇ ದಿನಕ್ಕೆ ಮುಗಿಯಿತು. ದಿನಾ ಮೇಲೆಮೇಲೆ ಸಿಕ್ಕುವ ನೀರಿಗೆ ಬೇರು ಮೇಲೇ ಉಳಿಯುತ್ತದೆ, ಮೊದಲ ಬಿಸಿಲಿಗೇ ಸೋಲುತ್ತದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ ಐದು ಸಾವಿರ ರೂಪಾಯಿ ದಂಡ ಎಂದಾಗ ‘ಲಾನ್ ಸತ್ತೇಹೋಗುತ್ತದೆ’ ಎಂದು ಎಷ್ಟು ಜನ ಗೋಳಾಡಿದರು! ಬೇರು ಬಿಟ್ಟ ಗರಿಕೆ ನೀರಿಲ್ಲದಿದ್ದರೆ ಕಂದಾಗಿ ಮಲಗುತ್ತದೆ, ಸಾಯುವುದಿಲ್ಲ. ಮುಂಗಾರಿನ ಮೊದಲೆರಡು ಮಳೆಗೆ ಎದ್ದೇಳುತ್ತದೆ. ಅಪಾರ್ಟ್‌ಮೆಂಟಿನ ಎಸ್‌ಟಿಪಿ ನೀರನ್ನೂ ತಕರಾರಿಲ್ಲದೆ ಕುಡಿಯುತ್ತದೆ.

ಉಳಿದವಕ್ಕೆ ಒಂದೊಂದು ಮಾತು. ಬೋಳಿಸಿದರೆ ಮತ್ತೆ ಮತ್ತೆ ಕತ್ತರಿಸುವ ಕೆಲಸ ತಪ್ಪುತ್ತದೆ ಎಂಬುದು ತಪ್ಪು: ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆದರೆ ಹುಲ್ಲು ಸೊರಗಿ ಕಳೆಗೆ ಜಾಗ ಬಿಡುತ್ತದೆ. ಕತ್ತರಿಸಿದ ಚೂರನ್ನು ಗುಡಿಸಿ ಕಸದ ಗಾಡಿಗೆ ಹಾಕಿ, ಆಮೇಲೆ ಯೂರಿಯಾ ಕೊಂಡು ತರುವವರ ಜಾಣತನಕ್ಕೆ ಏನೆನ್ನೋಣ. ಸಣ್ಣ ಚೂರು ಅಲ್ಲೇ ಕೊಳೆತು ಸಾರಜನಕ ವಾಪಸು ಕೊಡುತ್ತದೆ. ಮಧ್ಯಾಹ್ನ ನೀರು ಹಾಕಿದರೆ ಹನಿಗಳು ಭೂತಗನ್ನಡಿಯಾಗಿ ಎಲೆ ಸುಡುತ್ತವೆ ಎಂಬುದನ್ನು ಹಂಗೆರಿಯ ವಿಜ್ಞಾನಿಗಳು 2010ರಲ್ಲೇ ಪರೀಕ್ಷಿಸಿ ನೋಡಿದ್ದಾರೆ: ನುಣುಪು ಎಲೆ ಸುಡಲಿಲ್ಲ. ಮಧ್ಯಾಹ್ನ ನೀರು ಆವಿಯಾಗಿ ದಂಡವಾಗುವುದು ಬೇರೆ ಮಾತು. ಮಾವಿನ ಮರದ ಕೆಳಗೆ ಬರುವ ಬೀಜ ಯಾವುದೆಂದು ಕೇಳುವವರು ಬೀಜದ ಆಸೆ ಬಿಟ್ಟು ಒಂದೆಲಗ ನೆಟ್ಟುಕೊಳ್ಳಲಿ, ತಂಬುಳಿಗಾದರೂ ಆದೀತು.

ಇಷ್ಟೆಲ್ಲ ಹೇಳಿದ ಮೇಲೂ ಪೊಟ್ಟಣದ ವ್ಯಾಪಾರ ನಿಲ್ಲುವುದಿಲ್ಲ ಎಂದು ಗೊತ್ತು. ಪ್ಲಾಸ್ಟಿಕ್ ಅಕ್ಕಿಯ ವಿಡಿಯೋ ನೋಡಿ ಅನ್ನ ಉಂಡೆ ಕಟ್ಟಿ ಗೋಡೆಗೆಸೆದು ಪರೀಕ್ಷಿಸಿದ ಊರಲ್ಲವೇ ನಮ್ಮದು? ಅನ್ನವನ್ನು ಅಷ್ಟು ಅನುಮಾನಿಸಿದವರೇ ನೀಲಿ ಗುಲಾಬಿ, ಏಳು ಬಣ್ಣದ ಹುಲ್ಲಿನ ಬೀಜ ತರಿಸಿ ಕಾಯುತ್ತಾರೆ. ಪರೀಕ್ಷೆ ಬೇಕಾದಲ್ಲಿ ನಂಬಿಕೆ, ನಂಬಿಕೆ ಬೇಕಾದಲ್ಲಿ ಪರೀಕ್ಷೆ. ಒದ್ದೆ ಬಟ್ಟೆಯಲ್ಲಿ ನೂರು ಕಾಳು ಸುತ್ತಿಟ್ಟು ಎಷ್ಟು ಮೊಳೆತವೆಂದು ಎಣಿಸಲು ಖರ್ಚೇನೂ ಇಲ್ಲ. ಅದನ್ನು ಮಾತ್ರ ಯಾರೂ ಮಾಡರು.

ಹುಲ್ಲು ಹೇಗೋ ಬಂತೆನ್ನಿ, ಆಗ ಗೇಟಿಗೆ ನೀಲಿ ನೀರಿನ ಬಾಟಲಿ ತೂಗುತ್ತದೆ, ನಾಯಿ ಹೆದರಲಿ ಎಂದು. ನಾಯಿಗೆ ಚೆನ್ನಾಗಿ ಕಾಣುವ ಎರಡೇ ಬಣ್ಣ ನೀಲಿ ಮತ್ತು ಹಳದಿ. ನೋಡುತ್ತದೆ, ಹೆದರುವುದಿಲ್ಲ. ಈಚೆಗೆ ಕೆಲವು ಬೀದಿಗಳಲ್ಲಿ ಕೆಂಪು ನೀರು ಶುರುವಾಗಿದೆ. ಅದು ಅದಕ್ಕೆ ಮಂಕು ಕಂದಾಗಿ ಕಂಡರೆ ಹೆಚ್ಚು. ನಾಯಿ ಉಚ್ಚೆ ಹೊಯ್ದ ಜಾಗ ಹಳದಿಯಾಗುವುದು ಅದರಲ್ಲಿನ ಯೂರಿಯಾ ಮತ್ತು ಉಪ್ಪಿನಿಂದ. ಕೂಡಲೇ ಅದರ ಮೇಲೆ ಒಂದು ಬಕೆಟ್ ನೀರು ಹೊಯ್ದರೆ ಹುಲ್ಲು ಉಳಿಯುತ್ತದೆ. ಬಾಟಲಿಯಲ್ಲಿರುವ ನೀರನ್ನೇ ಹೊಯ್ದರೂ ಅಡ್ಡಿಯಿಲ್ಲ.