ಅಂತರ್ಜಾಲದಲ್ಲಿ ಬೆಳೆಯ ಮಾರಾಟ: ಜಾಹೀರಾತು ಬರೆಯತಕ್ಕ ಕ್ರಮ

ಸಂತೆಗೆ ಬಂದ ಗಿರಾಕಿಯು ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು ಬಣ್ಣವನ್ನು ನೋಡುವನು; ಮುರಿದು, ಚೆನ್ನಾಗಿ ಒಣಗಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವನು; ಮೂಸಿ ನೋಡಿ, ಮನಸ್ಸಿಗೆ ಒಪ್ಪಿದರೆ ಬೆಲೆ ಕೇಳುವನು. ಅಂತರ್ಜಾಲದ ಮೂಲಕ ಕೊಳ್ಳುವವನಿಗಾದರೋ ಈ ಅನುಕೂಲಗಳು ಯಾವುವೂ ಇಲ್ಲ. ಅವನ ಮುಂದಿರುವುದು ಒಂದು ಚಿತ್ರ ಮತ್ತು ನಾಲ್ಕು ಸಾಲು ಬರಹ ಮಾತ್ರ. ಆ ನಾಲ್ಕು ಸಾಲುಗಳೇ ಅವನ ಕಣ್ಣು, ಕೈ, ಮೂಗುಗಳ ಕೆಲಸವನ್ನು ಮಾಡಬೇಕಾಗಿದೆ. ಮಧ್ಯಸ್ಥರ ಹಂಗಿಲ್ಲದೆ ತಮ್ಮ ಬೆಳೆಯನ್ನು ಮಾರಬೇಕೆಂದಿರುವ ಜಮೀನುದಾರರೂ, ರೈತರ ಸಂಘಗಳನ್ನು ನಡೆಯಿಸುವ ಗ್ರಾಮದ ಮುಖಂಡರೂ ಈ ವಿಷಯವನ್ನು ಮನಗಾಣುವುದು ಅವಶ್ಯಕ.

ಬಹು ಮಂದಿ ತಮ್ಮ ಸರಕನ್ನು "ಅತ್ಯುತ್ತಮ", "ಅಪ್ಪಟ", "ಸಾಟಿಯಿಲ್ಲದ್ದು" ಎಂದು ಹೊಗಳಿ ತೃಪ್ತರಾಗುತ್ತಾರೆ. ಎಲ್ಲರೂ ಬರೆಯುವ ಮಾತನ್ನು ಯಾರೂ ನಂಬುವುದಿಲ್ಲ. ಅಮೆರಿಕಾ ದೇಶದ ಜಾಹೀರಾತು ತಜ್ಞನಾದ ಕ್ಲಾಡ್ ಹಾಪ್ಕಿನ್ಸ್ ಎಂಬಾತನು 1923ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಬರಿಯ ಹೊಗಳಿಕೆಯು ಓದುವವನ ಮನಸ್ಸಿಗೆ ಅಂಟುವುದಿಲ್ಲವೆಂದೂ, ಖಚಿತವಾದ ಸಂಗತಿಯನ್ನು ಹೇಳಿದರೆ ಜನರು ನಂಬುವರೆಂದೂ ತೋರಿಸಿದ್ದಾನೆ. ಸಾಧನವು ಬದಲಾದರೂ ಈ ತತ್ತ್ವವು ಬದಲಾಗಿಲ್ಲ.

ಬ್ಯಾಡಗಿ ಮೆಣಸಿನಕಾಯಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. 2011ರಲ್ಲಿ ಭೌಗೋಳಿಕ ಸೂಚಕವೆಂದು ನೋಂದಣಿಯಾದ ಈ ಕಾಯಿಯ ಗುಣವು ಗಾಢವಾದ ಕೆಂಪು ಬಣ್ಣ, ಖಾರ ಕಡಿಮೆ. ಇದನ್ನರಿಯದ ದೂರದ ಗಿರಾಕಿಯು ಖಾರಕ್ಕೆಂದು ಕೊಂಡರೆ ನಿರಾಶನಾಗುವನು; ಖಾರಕ್ಕೆ ಹೆದರುವವನು ಕೊಳ್ಳದೆಯೇ ಹೋಗುವನು. ಆದುದರಿಂದ ಜಾಹೀರಾತನ್ನು ಹೀಗೆ ಬರೆಯಬಹುದು:

"ಬ್ಯಾಡಗಿ ಕಡ್ಡಿ ಮೆಣಸಿನಕಾಯಿ. ಸಾರಿಗೆ ಒಳ್ಳೆಯ ಕೆಂಪು ಬಣ್ಣ ಬರುತ್ತದೆ, ಖಾರ ಕಡಿಮೆ. ಹೆಚ್ಚು ಖಾರ ಬೇಕಾದವರು ಗುಂಟೂರು ಕಾಯಿಯನ್ನು ಬೆರೆಸಿಕೊಳ್ಳಬಹುದು. ಹಾವೇರಿ ಜಿಲ್ಲೆಯ ನಮ್ಮ ಹೊಲದಲ್ಲಿ ಬೆಳೆದು, ಈ ವರ್ಷದ ಫೆಬ್ರವರಿಯಲ್ಲಿ ಬಿಡಿಸಿ, ಬಿಸಿಲಿನಲ್ಲಿ ಒಣಗಿಸಿದ್ದು. ತೊಟ್ಟು ತೆಗೆದಿಲ್ಲ, ಬಣ್ಣ ಸವರಿಲ್ಲ. ಅರ್ಧ ಕಿಲೋ ಚೀಲ. ಬೆಲೆಯಲ್ಲಿ ಸಾಗಣೆಯ ವೆಚ್ಚವೂ ಸೇರಿದೆ. ಮುಗ್ಗಿದ ಕಾಯಿ ತಲುಪಿದರೆ ಹಣ ವಾಪಸು."

ಇದರಲ್ಲಿ ಹೊಗಳಿಕೆಯ ಪದವು ವಿರಳ. ಗಿರಾಕಿಯು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರವುಂಟು. ಖಾರ ಕಡಿಮೆಯೆಂದು ಮಾರುವವನೇ ಒಪ್ಪಿಕೊಂಡಿರುವುದರಿಂದ ಉಳಿದ ಮಾತುಗಳಿಗೂ ನಂಬಿಕೆ ಹುಟ್ಟುತ್ತದೆ. ಸರಕಿನ ಹೆಸರನ್ನು ಮೊದಲ ಸಾಲಿನಲ್ಲಿಯೇ ಇಡತಕ್ಕದ್ದು. ಏಕೆಂದರೆ ಗಿರಾಕಿಯು ಹುಡುಕುವುದು ಆ ಹೆಸರನ್ನೇ, ಮತ್ತು ಮೊಬೈಲಿನ ಕಿರಿದಾದ ಪರದೆಯಲ್ಲಿ ಮೊದಲು ಕಾಣುವುದು ಆ ಸಾಲೇ. ಅಲ್ಲಿ ಹೇಳಿದ ಸಂಗತಿಗಳು ಪ್ರತಿಯೊಬ್ಬರ ಸರಕಿಗೂ ನಿಜವಾಗಿರಬೇಕೇ ಹೊರತು, ಒಬ್ಬರ ಬರಹವನ್ನು ಇನ್ನೊಬ್ಬರು ನಕಲು ಮಾಡಬಾರದು.

ಯಾವ ಬರಹವು ಫಲಕಾರಿಯೆಂಬುದನ್ನು ಊಹೆಯಿಂದ ತೀರ್ಮಾನಿಸಲಾಗದು. ಎರಡು ಬಿತ್ತನೆಯ ತಳಿಗಳನ್ನು ಪಕ್ಕಪಕ್ಕದ ಮಡಿಗಳಲ್ಲಿ ಬೆಳೆದು ಇಳುವರಿಯನ್ನು ತೂಗಿ ನೋಡುವಂತೆ, ಬೆಲೆಯನ್ನೂ ಚಿತ್ರವನ್ನೂ ಬದಲಾಯಿಸದೆ ಎರಡು ಬಗೆಯ ಮೊದಲ ಸಾಲುಗಳನ್ನು ಪರೀಕ್ಷಿಸಿ, ನೋಡಿದವರಲ್ಲಿ ಎಷ್ಟು ಮಂದಿ ಕೊಂಡರೆಂಬುದನ್ನು ಲೆಕ್ಕವಿಡತಕ್ಕದ್ದು.

ಉತ್ಪ್ರೇಕ್ಷೆಯಿಂದ ನಂಬಿಕೆ ಕೆಡುವುದಲ್ಲದೆ ಕಾನೂನಿನ ತೊಂದರೆಯೂ ಉಂಟು. 2019ರ ಗ್ರಾಹಕರ ಸಂರಕ್ಷಣಾ ಕಾಯಿದೆಯಂತೆ, ಸುಳ್ಳು ಜಾಹೀರಾತನ್ನು ನಿಲ್ಲಿಸುವಂತೆ ಆಜ್ಞಾಪಿಸುವುದಕ್ಕೂ, ತಯಾರಕರ ಮೇಲೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವುದಕ್ಕೂ ಕೇಂದ್ರ ಪ್ರಾಧಿಕಾರಕ್ಕೆ ಅಧಿಕಾರವಿದೆ. ಜೇನುತುಪ್ಪವಾಗಲಿ ಸಿರಿಧಾನ್ಯವಾಗಲಿ ಮಧುಮೇಹವನ್ನು ವಾಸಿಮಾಡುವುದೆಂದು ಬರೆಯುವ ಚಾಪಲ್ಯವನ್ನು ಸರ್ವಥಾ ಬಿಡತಕ್ಕದ್ದು.

ಮೊದಲನೆಯ ಚೀಲವನ್ನು ಜಾಹೀರಾತು ಮಾರುತ್ತದೆ. ಎರಡನೆಯ ಚೀಲವನ್ನು ಮಾರುವುದು ಮೊದಲನೆಯ ಚೀಲದೊಳಗಿನ ಸರಕು. ಬರೆದುದಕ್ಕೂ ಕಳುಹಿಸಿದುದಕ್ಕೂ ಭೇದವಿಲ್ಲದಂತೆ ನಡೆದುಕೊಂಡ ಬೆಳೆಗಾರನನ್ನು ಗಿರಾಕಿಯು ಮರುವರ್ಷ ತಾನಾಗಿಯೇ ಹುಡುಕಿಕೊಂಡು ಬರುವನು.